ಬಿಟಿಎಂನ ಜಾವಾ ಕೋಚಿಂಗ್ ಸೆಂಟರ್: ಮಾಕ್ ಇಂಟರ್ವ್ಯೂಗೆ ಹೋಗಿ, ಪ್ಲೇಸ್‌ಮೆಂಟ್ ಗ್ಯಾರಂಟಿ ನಂಬಬೇಡಿ

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ. 5ಕ್ಕೆ 3. ಬರೀ ಮಾಕ್ ಇಂಟರ್ವ್ಯೂಗೆ (ನಿಜವಾದ ಇಂಟರ್ವ್ಯೂಗೆ ಮೊದಲು ಅಭ್ಯಾಸಕ್ಕೆ ಮಾಡುವ ಇಂಟರ್ವ್ಯೂ) ಕೇಳಿದರೆ 5ಕ್ಕೆ 5 ಕೊಡುತ್ತೇನೆ. ಗೋಡೆ ತುಂಬ ಬರೆದುಕೊಂಡಿರುವ ಪ್ಲೇಸ್‌ಮೆಂಟ್ ಗ್ಯಾರಂಟಿಗೆ 1.

ಸೆಂಟರ್ ಹೆಸರು ಹಾಕುತ್ತಿಲ್ಲ. ನನ್ನ ಗೆಳತಿಯರು ಇನ್ನೂ ಅಲ್ಲೇ ಬ್ಯಾಚ್‌ನಲ್ಲಿ ಇದ್ದಾರೆ, ಅವರಿಗೆ ತೊಂದರೆ ಆಗುವುದು ಬೇಡ. ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ಒಂದು ರೌಂಡ್ ನಡೆದರೆ ಇಂಥ ಬೋರ್ಡುಗಳು ಸಾಲಾಗಿ ಕಾಣುತ್ತವೆ: ಜಾವಾ ಫುಲ್ ಸ್ಟ್ಯಾಕ್, ಪೈಥಾನ್, ಸಾಫ್ಟ್‌ವೇರ್ ಟೆಸ್ಟಿಂಗ್, ಡೇಟಾ ಸೈನ್ಸ್. ಮಾರತಹಳ್ಳಿಯಲ್ಲೂ ಅಷ್ಟೇ. ನನ್ನ ರೂಮಿನವರು ಬೇರೆ ಬೇರೆ ಕಡೆ ಸೇರಿದ್ದರು, ಎಲ್ಲಾ ಕಡೆ ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ನೀವು ಯಾವ ಸೆಂಟರ್ ನೋಡುತ್ತಿದ್ದರೂ ಇದು ಉಪಯೋಗಕ್ಕೆ ಬರಬಹುದು.

ನಾನು ಚಿತ್ರದುರ್ಗ ಕಡೆಯವಳು. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಬಿಇ ವಿಟಿಯುಗೆ ಸೇರಿದ ಕಾಲೇಜಿನಲ್ಲಿ, ಕಂಪ್ಯೂಟರ್ ಸೈನ್ಸ್. ಕ್ಯಾಂಪಸ್‌ಗೆ ಬಂದ ಕಂಪನಿಗಳು ಕಡಿಮೆ, ತೆಗೆದುಕೊಂಡವರು ಇನ್ನೂ ಕಡಿಮೆ. ಆಮೇಲೆ ಎಲ್ಲರೂ ಮಾಡುವ ಹಾಗೆ ಬೆಂಗಳೂರಿಗೆ ಬಂದು ಪಿಜಿ ಹಿಡಿದು ಕೋಚಿಂಗ್ ಸೇರಿದೆ.

ಮೊದಲು ದುಡ್ಡಿನ ವಿಷಯ. ಫೋನಿನಲ್ಲಿ 35 ಸಾವಿರ ಅಂತಾರೆ. ಬಿಲ್ ಮಾಡುವಾಗ 18 ಪರ್ಸೆಂಟ್ ಜಿಎಸ್‌ಟಿ ಸೇರಿ 41,300 ಆಗುತ್ತದೆ. ಇದನ್ನು ಕೌನ್ಸೆಲರ್ ತಾನಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ಎರಡು ಕಂತಿನಲ್ಲಿ ಕಟ್ಟಬಹುದು. ರಸೀದಿ ಕೊಡುತ್ತಾರೆ, ಅದು ಒಳ್ಳೆಯದು. ಆದರೆ ರಸೀದಿಯಲ್ಲಿ 'ಟ್ರೈನಿಂಗ್ ಶುಲ್ಕ' ಅಂತ ಮಾತ್ರ ಇರುತ್ತದೆ, ಪ್ಲೇಸ್‌ಮೆಂಟ್ ಅನ್ನುವ ಪದ ಎಲ್ಲೂ ಇಲ್ಲ. ಗೋಡೆಯ ಮೇಲಿನ ಗ್ಯಾರಂಟಿ ಕಾಗದದ ಮೇಲೆ ಯಾಕಿಲ್ಲ ಅಂತ ಸೇರುವ ದಿನವೇ ಕೇಳಿ. ಅಪ್ಪ ಅಮ್ಮ ಒಡವೆ ಇಟ್ಟು ಕಟ್ಟುವ ದುಡ್ಡು ಇದು. ಯುವನಿಧಿಯಲ್ಲಿ ಡಿಗ್ರಿ ಆದವರಿಗೆ ತಿಂಗಳಿಗೆ 3,000 ಬರುತ್ತದಲ್ಲ, ಅದು ಪಾಸಾಗಿ 180 ದಿನ ಕೆಲಸ ಸಿಗದೆ ಇದ್ದರೆ ಮಾತ್ರ ಶುರುವಾಗುವುದು. ಅಲ್ಲಿವರೆಗೆ ಪಿಜಿ ಬಾಡಿಗೆ, ಊಟ, ಫೀಸು ಎಲ್ಲಾ ಮನೆಯಿಂದಲೇ ಬರಬೇಕು.

ಕ್ಲಾಸ್ ಬಗ್ಗೆ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ. ಒಂದು ಹಾಲ್, ತುಂಬ ಜನ, ಹಿಂದೆ ಕೂತರೆ ಪ್ರೊಜೆಕ್ಟರ್ ಕಾಣುವುದಿಲ್ಲ. ಜಾವಾ, ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ಸ್ವಲ್ಪ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಕೊನೆಗೆ ಸ್ಪ್ರಿಂಗ್ ಬೂಟ್. ಪಾಠ ಕೆಟ್ಟದಾಗಿಲ್ಲ, ಆದರೆ ಇದಕ್ಕೆ ನಲವತ್ತು ಸಾವಿರ ಕೊಡಬೇಕಾ ಅಂದರೆ ಬೇಡ. ಐಐಟಿ ಮತ್ತು ನಮ್ಮ ಐಐಎಸ್‌ಸಿ ಪ್ರೊಫೆಸರ್‌ಗಳ ಎನ್‌ಪಿಟಿಇಎಲ್ ವಿಡಿಯೋಗಳು ಫ್ರೀ ಇವೆ, ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಪರೀಕ್ಷೆಗೆ ದುಡ್ಡು. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಫ್ರೀ. ಹ್ಯಾಕರ್‌ರ್‍ಯಾಂಕ್, ಲೀಟ್‌ಕೋಡ್ ಅನ್ನುವ ಕೋಡಿಂಗ್ ಅಭ್ಯಾಸದ ಸೈಟ್‌ಗಳಲ್ಲಿ ಬೇಸಿಕ್ ಪ್ರಾಬ್ಲಮ್‌ಗಳೆಲ್ಲ ಫ್ರೀ. ಪಾಠಕ್ಕಾಗಿ ದುಡ್ಡು ಕೊಡಬೇಡಿ.

ಪ್ರಾಜೆಕ್ಟ್ ವಿಷಯ ಮಾತ್ರ ಎಚ್ಚರಿಕೆ. ಇಡೀ ಬ್ಯಾಚ್‌ಗೆ ಒಂದೇ ಪ್ರಾಜೆಕ್ಟ್ ಕೊಡುತ್ತಾರೆ, ಆನ್‌ಲೈನ್ ಹೋಟೆಲ್ ಬುಕಿಂಗ್. ಎಲ್ಲರ ರೆಸ್ಯುಮೆಯಲ್ಲೂ ಅದೇ ಹೆಸರು, ಅದೇ ಮೂರು ಸಾಲು. ಒಂದು ಡ್ರೈವ್‌ನಲ್ಲಿ (ಕಂಪನಿಯವರು ಒಂದೇ ದಿನ ತುಂಬ ಜನರನ್ನು ಇಂಟರ್ವ್ಯೂ ಮಾಡುವುದು) ಇಂಟರ್ವ್ಯೂ ಮಾಡುವವರು ನನ್ನ ಮುಂದಿದ್ದ ಹುಡುಗನ ರೆಸ್ಯುಮೆ ನೋಡಿ, 'ಇದನ್ನು ಬೆಳಿಗ್ಗೆಯಿಂದ ನೋಡುತ್ತಿದ್ದೇನೆ, ಬೇರೆ ಏನಾದರೂ ಮಾಡಿದ್ದೀರಾ' ಅಂತ ಕೇಳಿದರು. ಆ ಹುಡುಗ ಜಾವಾದಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ. ಅವನು ಊರಿನ ಹಾಲಿನ ಡೈರಿ ಲೆಕ್ಕಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ವಾರಕ್ಕೆ ಎಷ್ಟು ದುಡ್ಡು. ಅದು ರೆಸ್ಯುಮೆಯಲ್ಲೇ ಇರಲಿಲ್ಲ, ಯಾಕಂದ್ರೆ ಸೆಂಟರ್‌ನವರು ತಮ್ಮ ಫಾರ್ಮ್ಯಾಟ್ ಬಿಟ್ಟು ಬೇರೆ ಹಾಕಬೇಡ ಅಂದಿದ್ದರು. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೆ. ನೀವು ನಿಜವಾಗಿ ಮಾಡಿದ್ದು ಎಷ್ಟೇ ಚಿಕ್ಕದಿರಲಿ, ಅದನ್ನೇ ಮೇಲೆ ಹಾಕಿ. ಅದರ ಬಗ್ಗೆ ಯಾವ ಪ್ರಶ್ನೆ ಕೇಳಿದರೂ ನಿಮಗೆ ಉತ್ತರ ಗೊತ್ತಿರುತ್ತದೆ.

ಈಗ ಮಾಕ್ ಇಂಟರ್ವ್ಯೂ. ಈ ಸೆಂಟರ್‌ನಲ್ಲಿ ದುಡ್ಡಿಗೆ ತಕ್ಕ ಬೆಲೆ ಇರುವುದು ಇಲ್ಲಿ ಮಾತ್ರ.

ಮೂರನೇ ಮಹಡಿಯಲ್ಲಿ ಎರಡು ಸಣ್ಣ ಕೋಣೆ ಇವೆ. ಒಂದು ಟೇಬಲ್, ಎರಡು ಕುರ್ಚಿ, ಬಿಳಿ ಹಾಳೆ, ಪೆನ್ನು. ಲ್ಯಾಪ್‌ಟಾಪ್ ಇಲ್ಲ. ಒಬ್ಬ ಸರ್ ಬರುತ್ತಾರೆ, ಕಂಪನಿಯಲ್ಲಿ ತುಂಬ ವರ್ಷ ಕೆಲಸ ಮಾಡಿ ಈಗ ಇಲ್ಲಿ ಮಾಕ್ ಮಾತ್ರ ತೆಗೆದುಕೊಳ್ಳುತ್ತಾರೆ. ನಲವತ್ತೈದು ನಿಮಿಷ ಕೂರಿಸುತ್ತಾರೆ. ಕೊನೆಗೆ ಒಂದು ಹಾಳೆಯಲ್ಲಿ ಏನು ಸರಿ, ಏನು ತಪ್ಪು ಅಂತ ಕೈಯಲ್ಲೇ ಬರೆದುಕೊಡುತ್ತಾರೆ. ಆ ಹಾಳೆಗಳು ಈಗಲೂ ನನ್ನ ಹತ್ತಿರ ಇವೆ.

ಅವರು ಕೇಳುವ ಪ್ರಶ್ನೆಗಳು ಹೊಸದೇನಲ್ಲ. ಊಪ್ಸ್‌ನ (ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್) ನಾಲ್ಕು ಕಾನ್ಸೆಪ್ಟ್, ಅಬ್‌ಸ್ಟ್ರ್ಯಾಕ್ಟ್ ಕ್ಲಾಸ್‌ಗೂ ಇಂಟರ್‌ಫೇಸ್‌ಗೂ ವ್ಯತ್ಯಾಸ, ಅರೇ ಲಿಸ್ಟ್ ಯಾವಾಗ ಲಿಂಕ್ಡ್ ಲಿಸ್ಟ್ ಯಾವಾಗ, ಡಿಲೀಟ್ ಮತ್ತು ಟ್ರಂಕೇಟ್. ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಅವರು ಉತ್ತರ ಕೇಳಿ ಸುಮ್ನೆ ಮುಂದಕ್ಕೆ ಹೋಗುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಎರಡನೇ ಅತಿ ಹೆಚ್ಚು ಸಂಬಳ ಹುಡುಕುವ ಎಸ್‌ಕ್ಯೂಎಲ್ ಪ್ರಶ್ನೆ ಗೊತ್ತಲ್ಲ, ಫ್ರೆಶರ್ ಇಂಟರ್ವ್ಯೂಗೆ ಹೋದವರಿಗೆಲ್ಲ ಒಮ್ಮೆಯಾದರೂ ಬಂದಿರುತ್ತದೆ, ಲೀಟ್‌ಕೋಡ್‌ನಲ್ಲಿ ಅದು 176ನೇ ಪ್ರಾಬ್ಲಂ. ಜಾಸ್ತಿ ಜನ ಬರೆಯುವುದು ಹೀಗೆ: ಸಂಬಳವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು, ಮೊದಲನೆಯದು ಬಿಡು, ಮುಂದಿನ ಒಂದನ್ನು ತೆಗೆ. ಆರ್ಡರ್ ಬೈ, ಲಿಮಿಟ್, ಆಫ್‌ಸೆಟ್. ಬರೆದು ಕೊಟ್ಟ ತಕ್ಷಣ ಸರ್ ಹಾಳೆಯ ಪಕ್ಕದಲ್ಲಿ ಒಂದು ಪುಟ್ಟ ಟೇಬಲ್ ಬರೆಯುತ್ತಾರೆ. ಮೂರು ಜನ, ಸಂಬಳ 90, 90, 70. 'ಈಗ ನಿನ್ನ ಕ್ವೆರಿ ಏನು ಕೊಡುತ್ತೆ?' ಕೊಡುವುದು 90. ಬೇಕಾಗಿದ್ದು 70. ಡಿಸ್ಟಿಂಕ್ಟ್ (ಒಂದೇ ಬೆಲೆ ಎರಡು ಸಲ ಬರದ ಹಾಗೆ ಮಾಡುವುದು) ಹಾಕಬೇಕು ಅಂತ ಆಗ ಹೊಳೆಯುತ್ತದೆ. ಆಮೇಲೆ ಟೇಬಲ್‌ನಲ್ಲಿ ಒಬ್ಬನೇ ಇದ್ದರೆ ಏನು ಬರುತ್ತೆ ಅಂತ ಕೇಳುತ್ತಾರೆ. ಆ ಕ್ವೆರಿಗೆ ಒಂದು ಸಾಲೂ ಬರುವುದಿಲ್ಲ. ಅದೇ ಗರಿಷ್ಠ ಸಂಬಳಕ್ಕಿಂತ ಕಡಿಮೆ ಇರುವುದರಲ್ಲಿ ಗರಿಷ್ಠ ತೆಗೆ ಅಂತ ಒಳಗೊಂದು ಕ್ವೆರಿ ಇಟ್ಟು ಬರೆದಿದ್ದರೆ ನಲ್ (ಖಾಲಿ ಬೆಲೆ) ಬರುತ್ತದೆ. ಎರಡೂ ಬರೆಸಿ, ಎರಡನ್ನೂ ನಮ್ಮ ಬಾಯಲ್ಲೇ ಹೇಳಿಸುತ್ತಾರೆ. ಒಂದೇ ಪ್ರಶ್ನೆಗೆ ಕಾಲು ಗಂಟೆ.

ಸ್ಟ್ರಿಂಗ್ (ಜಾವಾದಲ್ಲಿ ಅಕ್ಷರಗಳ ಸಾಲು) ಪ್ರಶ್ನೆಯೂ ಹಾಗೇ. ನ್ಯೂ ಹಾಕಿ ಮಾಡಿದ ಎರಡು ಸ್ಟ್ರಿಂಗ್‌ನಲ್ಲಿ ಅಕ್ಷರ ಎಲ್ಲಾ ಒಂದೇ ಇದೆ, ಆದರೂ ಡಬಲ್ ಈಕ್ವಲ್ಸ್ ಹಾಕಿ ಹೋಲಿಸಿದರೆ ಫಾಲ್ಸ್ ಯಾಕೆ? ಡಬಲ್ ಈಕ್ವಲ್ಸ್ ನೋಡುವುದು ಎರಡೂ ಮೆಮೊರಿಯಲ್ಲಿ ಒಂದೇ ವಸ್ತುವಾ ಅಂತ, ಈಕ್ವಲ್ಸ್ ಮೆಥಡ್ ನೋಡುವುದು ಒಳಗಿನ ಅಕ್ಷರ. ನ್ಯೂ ಇಲ್ಲದೆ ನೇರ ಬರೆದರೆ ಸ್ಟ್ರಿಂಗ್ ಪೂಲ್‌ನಲ್ಲಿರುವ ಒಂದೇ ವಸ್ತು ಇಬ್ಬರಿಗೂ ಸಿಗುತ್ತದೆ, ಆಗ ಟ್ರೂ ಬರುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಹಾಳೆ ಮೇಲೆ ಡಬ್ಬಿ ಬರೆದು ಬಾಣ ಹಾಕಿ ತೋರಿಸಬೇಕು. ಒಮ್ಮೆ ಹಾಗೆ ಬರೆದರೆ ಜನ್ಮದಲ್ಲಿ ಮರೆಯುವುದಿಲ್ಲ.

ಆದರೆ ಆ ಸರ್ ಬಗ್ಗೆ ನಾನು ಇಷ್ಟೊಂದು ಬರೆಯುತ್ತಿರುವುದಕ್ಕೆ ಕಾರಣ ಬೇರೆ. ನನ್ನ ಮೊದಲ ಮಾಕ್‌ನಲ್ಲಿ ಪಾಲಿಮಾರ್ಫಿಸಂ (ಊಪ್ಸ್‌ನ ನಾಲ್ಕು ಕಾನ್ಸೆಪ್ಟ್‌ಗಳಲ್ಲಿ ಒಂದು) ಬಗ್ಗೆ ಕೇಳಿದರು. ಇಂಗ್ಲಿಷಿನಲ್ಲಿ ಶುರು ಮಾಡಿ ಮಧ್ಯದಲ್ಲಿ ಮಾತು ನಿಂತಿತು. ವಿಷಯ ಗೊತ್ತು, ವಾಕ್ಯ ಬರುತ್ತಿಲ್ಲ. ಕನ್ನಡ ಮೀಡಿಯಂನಿಂದ ಬಂದವರಿಗೆಲ್ಲ ಈ ಗಂಟಲು ಕಟ್ಟುವುದು ಗೊತ್ತಿರುತ್ತದೆ. ಸರ್ ಪೆನ್ನು ಕೆಳಗಿಟ್ಟು, 'ಮೊದಲು ಕನ್ನಡದಲ್ಲಿ ಹೇಳು, ನಿನಗೆ ಗೊತ್ತಿದ್ಯೋ ಇಲ್ವೋ ನೋಡೋಣ' ಅಂದರು. ಕನ್ನಡದಲ್ಲಿ ಹೇಳಿದೆ. ಪೂರ್ತಿ ಬಂತು, ಉದಾಹರಣೆ ಸಮೇತ. ಆಗ ಅವರು, 'ಗೊತ್ತಿದೆ. ಹಾಗಾದ್ರೆ ಈಗ ಇದನ್ನೇ ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯದಲ್ಲಿ ಹೇಳು. ದೊಡ್ಡ ವಾಕ್ಯ ಬೇಡ, ವ್ಯಾಕರಣದ ಚಿಂತೆ ಬೇಡ' ಅಂದರು. ಪ್ರತಿ ಮಾಕ್‌ನಲ್ಲೂ ಹೀಗೇ ಮಾಡಿಸಿದರು, ಬರುಬರುತ್ತಾ ಕನ್ನಡದ ಸುತ್ತು ತಾನಾಗಿ ಬಿಟ್ಟುಹೋಯಿತು.

ಈ ಊರಿನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್‌ಗೆ ಬರವಿಲ್ಲ. ಬಾಡಿ ಲಾಂಗ್ವೇಜ್, ಶೇಕ್ ಹ್ಯಾಂಡ್, ನಿಮ್ಮ ಬಗ್ಗೆ ಹೇಳಿ ಅನ್ನುವುದಕ್ಕೆ ರೆಡಿಮೇಡ್ ಉತ್ತರ, ಇವೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಿನಗೆ ವಿಷಯ ಗೊತ್ತಿದೆ, ತಡೆದಿರುವುದು ಭಾಷೆ ಮಾತ್ರ ಅಂತ ಎರಡನ್ನೂ ಬೇರೆ ಮಾಡಿ ತೋರಿಸುವವರು ನನಗೆ ಸಿಕ್ಕಿದ್ದು ಇವರೊಬ್ಬರೇ. ಕಾಲೇಜಿನ ನಾಲ್ಕು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅದಕ್ಕೇ ಅವರ ವಿಭಾಗಕ್ಕೆ 5ಕ್ಕೆ 5.

ಇನ್ನೊಂದು ಅಭ್ಯಾಸ ಅವರಿಂದ ಬಂತು. ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಕೂತು ಯೋಚಿಸಬಾರದು, ಯೋಚನೆಯನ್ನು ಹೊರಗೆ ಹೇಳುತ್ತಾ ಹೋಗಬೇಕು. ಎಚ್‌ಎಸ್‌ಆರ್ ಲೇಔಟ್‌ನ ಒಂದು ಸಣ್ಣ ಕಂಪನಿಯಲ್ಲಿ, ಒಂದು ವಾಕ್ಯದಲ್ಲಿ ಮೊದಲ ಸಲ ರಿಪೀಟ್ ಆಗುವ ಅಕ್ಷರ ಹುಡುಕಿ ಅಂದರು. 'ಮೊದಲು ಎರಡು ಲೂಪ್ ಹಾಕಿ ಮಾಡುತ್ತೇನೆ, ಅದು ನಿಧಾನ, ಆಮೇಲೆ ಹ್ಯಾಶ್ ಸೆಟ್ ಹಾಕಿ ಒಂದೇ ಲೂಪ್‌ಗೆ ತರುತ್ತೇನೆ' ಅಂತ ಹೇಳುತ್ತಲೇ ಬರೆದೆ. ನಡುವೆ ದೊಡ್ಡಕ್ಷರ ಚಿಕ್ಕಕ್ಷರ ಒಂದೇ ಅಂತ ತಗೊಳ್ಳಬೇಕಾ, ಬೇರೆಯಾ ಅಂತ ಕೇಳಿದೆ. ಇಂಟರ್ವ್ಯೂ ಮಾಡುತ್ತಿದ್ದ ಮೇಡಂ ಅಲ್ಲಿಂದ ನನ್ನ ಜೊತೆ ಸೇರಿ ಯೋಚಿಸುವುದಕ್ಕೆ ಶುರು ಮಾಡಿದರು. ನನಗೆ ಕೆಲಸ ಸಿಕ್ಕಿದ್ದು ಅಲ್ಲೇ.

ಇನ್ನು ಪ್ಲೇಸ್‌ಮೆಂಟ್. ಪ್ಲೇಸ್‌ಮೆಂಟ್ ಸೆಲ್ ಅಂದರೆ ಒಂದು ವಾಟ್ಸಾಪ್ ಗ್ರೂಪ್. ಇಂಥ ದಿನ ಇಂಥ ಕಡೆ ಡ್ರೈವ್ ಇದೆ ಅಂತ ಮೆಸೇಜ್ ಬರುತ್ತದೆ. ಅರ್ಧಕ್ಕರ್ಧ ಯಾರಾದರೂ ನೋಡಬಹುದಾದ ಜಾಹೀರಾತುಗಳೇ. ಕೆಳಗೆ ಒಂದು ಸಾಲು ಇರುತ್ತದೆ: ಹತ್ತನೇ, ಪಿಯುಸಿ, ಡಿಗ್ರಿ ಎಲ್ಲದರಲ್ಲೂ 60 ಪರ್ಸೆಂಟ್, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರಬಾರದು. ನನ್ನ ರೂಮ್‌ಮೇಟ್‌ಗೆ ಪಿಯುಸಿಯಲ್ಲಿ 58. ಬಿಇಯಲ್ಲಿ ಒಳ್ಳೆ ಸಿಜಿಪಿಎ ಇದ್ದರೂ ಅವಳಿಗೆ ಬಹಳಷ್ಟು ಡ್ರೈವ್‌ಗೆ ಹೋಗುವುದಕ್ಕೇ ಆಗಲಿಲ್ಲ. ಸೇರಿಸಿಕೊಳ್ಳುವಾಗ ಮಾರ್ಕ್ಸ್ ಕಾರ್ಡ್ ಎಲ್ಲಾ ಜೆರಾಕ್ಸ್ ತಗೊಂಡಿದ್ದರು, ಅಂದರೆ ಅವರಿಗೆ ಗೊತ್ತಿತ್ತು. ಆದರೂ 'ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್' ಅಂತಲೇ ಹೇಳಿ ಪೂರ್ತಿ ಫೀಸು ಕಟ್ಟಿಸಿಕೊಂಡರು. ಇದು ಮೋಸ. ಬೇರೆ ಪದ ನನಗೆ ಸಿಗುವುದಿಲ್ಲ. ನಿಮಗೆ ಎಲ್ಲಾದರೂ 60ಕ್ಕಿಂತ ಕಡಿಮೆ ಇದ್ದರೆ, ಎಷ್ಟು ಕಂಪನಿಗೆ ನನ್ನನ್ನು ಕಳಿಸುತ್ತೀರಿ ಅಂತ ದುಡ್ಡು ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿ.

ಎಲೆಕ್ಟ್ರಾನಿಕ್ ಸಿಟಿಯ ವಾಕ್ ಇನ್‌ಗಳಿಗೆ ಹೋಗುವುದು 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಸುಲಭ ಆಗಿದೆ, ಬಿಟಿಎಂನಲ್ಲೇ ಹತ್ತಬಹುದು, ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪುತ್ತದೆ. ದುಡ್ಡು ಉಳಿಸಬೇಕು ಅಂದರೆ ಹುಡುಗಿಯರಿಗೆ ಬಿಎಂಟಿಸಿ ಸಾದಾ ಬಸ್ ಶಕ್ತಿ ಯೋಜನೆಯಲ್ಲಿ ಫ್ರೀ, ಒಂದು ಗಂಟೆ ಬೇಗ ಹೊರಡಿ. ಅಲ್ಲಿ ಗೇಟಿನ ಹೊರಗೆ ಬಿಸಿಲಲ್ಲಿ ರೆಸ್ಯುಮೆ ಹಿಡಿದು ನಿಂತಿರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗುಲ್ಬರ್ಗ, ರಾಯಚೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ನೇರ ಬಂದವರು ಇರುತ್ತಾರೆ. ರೆಸ್ಯುಮೆ ತಗೊಂಡು 'ಕಾಲ್ ಮಾಡ್ತೀವಿ' ಅಂತ ಕಳಿಸಿಬಿಡುತ್ತಾರೆ. ದೂರದಿಂದ ಬಂದವರಿಗೆ ಅದೇ ದಿನ ಒಂದು ಟೆಸ್ಟ್ ಆದರೂ ಕೊಡಬೇಕು.

ಇಷ್ಟೆಲ್ಲ ಓಡಾಡಿ ಸಿಗುವ ಸಂಬಳ ಎಷ್ಟು ಅಂತ ಮನೆಯಲ್ಲಿ ಕೇಳುತ್ತಾರೆ. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಸಾಮಾನ್ಯ ಫ್ರೆಶರ್ ಪ್ಯಾಕೇಜ್ ವರ್ಷಕ್ಕೆ ಮೂರೂಕಾಲರಿಂದ ಮೂರೂಮುಕ್ಕಾಲು ಲಕ್ಷದ ಒಳಗೇ ತುಂಬ ವರ್ಷದಿಂದ ನಿಂತಿದೆ. ಟಿಸಿಎಸ್‌ನ ನಿಂಜಾ ಅನ್ನುವ ಫ್ರೆಶರ್ ಹುದ್ದೆಗೆ 3.36 ಲಕ್ಷ, ಇನ್ಫೋಸಿಸ್ ಸಿಸ್ಟಮ್ಸ್ ಎಂಜಿನಿಯರ್‌ಗೆ 3.6 ಲಕ್ಷ ಅಂತ ಎಲ್ಲರ ಬಾಯಲ್ಲಿ ಇರುವ ಲೆಕ್ಕ. 3.6 ಅಂದರೆ ತಿಂಗಳಿಗೆ 30 ಸಾವಿರ, ಪಿಎಫ್ ಎಲ್ಲಾ ಕಳೆದು ಕೈಗೆ ಬರುವುದು ಅದಕ್ಕಿಂತ ಕಡಿಮೆ. ಕೋಚಿಂಗ್ ಫೀಸಿನ ಪಕ್ಕ ಇದನ್ನು ಇಟ್ಟು ನೋಡಿ ಆಮೇಲೆ ತೀರ್ಮಾನ ಮಾಡಿ.

ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ಕೋರ್ಸ್ ಮುಗಿದು ಕೆಲಸ ಸಿಗದೆ ಇದ್ದವರಿಗೆ, ಕೌಂಟರ್‌ನವರೊಬ್ಬರು ಪಕ್ಕಕ್ಕೆ ಕರೆದು 'ಎರಡು ವರ್ಷ ಎಕ್ಸ್‌ಪೀರಿಯನ್ಸ್ ಹಾಕಿಸಿಕೊಳ್ಳಿ, ನಮಗೆ ಗೊತ್ತಿರೋ ಕನ್ಸಲ್ಟೆನ್ಸಿ ಇದೆ' ಅನ್ನುತ್ತಾರೆ. ನನಗೂ ಅಂದರು. ಖಂಡಿತ ಬೇಡ. ಕಂಪನಿಗಳು ಬ್ಯಾಕ್‌ಗ್ರೌಂಡ್ ಚೆಕ್ ಮಾಡುತ್ತವೆ. ಪಿಎಫ್‌ನ ಯುಎಎನ್ ನಂಬರ್‌ನಲ್ಲಿ ನೀವು ಎಲ್ಲಿ, ಯಾವಾಗಿಂದ ಯಾವಾಗಿನವರೆಗೆ ಕೆಲಸ ಮಾಡಿದಿರಿ ಅಂತ ಸರ್ವಿಸ್ ಹಿಸ್ಟರಿ ಕಾಣುತ್ತದೆ. ಅಲ್ಲಿ ಏನೂ ಇಲ್ಲದೆ ಎರಡು ವರ್ಷ ಅನುಭವ ತೋರಿಸಿದರೆ, ಸೇರಿ ತಿಂಗಳಾದ ಮೇಲೂ ಮನೆಗೆ ಕಳಿಸುತ್ತಾರೆ. ದುಡ್ಡು ಕೊಟ್ಟರೆ ಆಫರ್ ಲೆಟರ್ ಕೊಡಿಸುತ್ತೇವೆ ಅನ್ನುವವರೂ ಇದ್ದಾರೆ. ಟಿಸಿಎಸ್, ಇನ್ಫೋಸಿಸ್ ಎರಡೂ ಕೆಲಸಕ್ಕೆ ಯಾರಿಂದಲೂ ದುಡ್ಡು ತಗೊಳ್ಳುವುದಿಲ್ಲ ಅಂತ ತಮ್ಮ ವೆಬ್‌ಸೈಟಿನಲ್ಲೇ ಹಾಕಿವೆ. ಇದನ್ನು ಅಪ್ಪ ಅಮ್ಮನಿಗೂ ಹೇಳಿಡಿ, ಯಾಕಂದ್ರೆ ಅವರಿಗೆ ನೇರ ಫೋನ್ ಮಾಡುವವರೂ ಇದ್ದಾರೆ.

ರಿಸೆಪ್ಷನ್‌ನಲ್ಲಿ 'ನಮ್ಮ ಸ್ಟಾರ್‌ಗಳು' ಅಂತ ಒಂದು ಬೋರ್ಡ್ ಇದೆ. ಅದರಲ್ಲಿ ನನ್ನ ಫೋಟೋ ಇದೆ, ಕೆಳಗೆ ಕಂಪನಿ ಹೆಸರು. ಆ ಕಂಪನಿಗೆ ನಾನೇ ಲಿಂಕ್ಡ್‌ಇನ್‌ನಲ್ಲಿ ನೋಡಿ ಅಪ್ಲೈ ಮಾಡಿದ್ದು, ಸೆಂಟರ್‌ನಿಂದ ಒಂದು ಮೆಸೇಜ್ ಕೂಡ ಹೋಗಿಲ್ಲ. ತೆಗೆಯಿರಿ ಅಂತ ಹೇಳಿದ್ದೇನೆ, ಇನ್ನೂ ತೆಗೆದಿಲ್ಲ. ಆ ಬೋರ್ಡ್ ನೋಡಿ ಸೇರುವವರು, ಫೋಟೋದಲ್ಲಿರುವ ಒಬ್ಬಿಬ್ಬರನ್ನು ಹುಡುಕಿ ಮೆಸೇಜ್ ಮಾಡಿ ಕೇಳಿ. ಹೆಚ್ಚಿನವರು ಉತ್ತರ ಕೊಡುತ್ತಾರೆ. ನಾನಂತೂ ಕೊಡುತ್ತೇನೆ.

ಪ್ಲೇಸ್‌ಮೆಂಟ್‌ನವರ ಪರವಾಗಿ ಒಂದು ಮಾತು ಹೇಳಬೇಕು. ಟಿಸಿಎಸ್ ಎನ್‌ಕ್ಯೂಟಿ (ಫ್ರೆಶರ್‌ಗಳಿಗೆ ಟಿಸಿಎಸ್ ನಡೆಸುವ ಪರೀಕ್ಷೆ) ತರಹದ ಆನ್‌ಲೈನ್ ಟೆಸ್ಟ್‌ಗಳಿಗೆ ರಿಜಿಸ್ಟ್ರೇಷನ್ ಯಾವಾಗ ಅಂತ ನೆನಪಿಸುತ್ತಾರೆ, ಆಪ್ಟಿಟ್ಯೂಡ್ ಪೇಪರ್‌ಗಳನ್ನು ಟೈಮ್ ಇಟ್ಟು ಮಾಡಿಸುತ್ತಾರೆ. ಕ್ಯಾಮೆರಾ ಆನ್ ಇಟ್ಟು, ಟ್ಯಾಬ್ ಬದಲಿಸದೆ ಬರೆಯುವ ಅಭ್ಯಾಸ ಅಲ್ಲಿ ಆಗುತ್ತದೆ. ಪಿಜಿಯಲ್ಲಿ ನೆಟ್ ಸರಿ ಇಲ್ಲದವರು ಅವರ ಲ್ಯಾಬ್‌ನಲ್ಲೇ ಕೂತು ಟೆಸ್ಟ್ ಬರೆಯಬಹುದು, ಅದಕ್ಕೆ ಬೇರೆ ದುಡ್ಡು ಇಲ್ಲ.

ಈಗ ಮುಖ್ಯವಾದ ವಿಷಯ. ಪೂರ್ತಿ ಕೋರ್ಸ್ ಸೇರದೆ ಮಾಕ್ ಮಾತ್ರ ತಗೊಳ್ಳಬಹುದು. ಬೋರ್ಡಿನಲ್ಲಿ ಇಲ್ಲ, ಕೌನ್ಸೆಲರ್ ಹೇಳುವುದೂ ಇಲ್ಲ, ಆದರೆ ಕೇಳಿದರೆ ಕೊಡುತ್ತಾರೆ. ಒಂದು ಮಾಕ್‌ಗೆ 800 ರೂಪಾಯಿ ತಗೊಳ್ಳುತ್ತಿದ್ದರು. ಬೇರೆ ಸೆಂಟರ್‌ಗಳಲ್ಲೂ ಹೀಗೆ ಕೇಳಿ ನೋಡಿ. ಹೋಗುವ ಮೊದಲು ಜಾವಾ ಬೇಸಿಕ್ಸ್, ಎಸ್‌ಕ್ಯೂಎಲ್ ಜಾಯಿನ್ಸ್, ನಿಮ್ಮ ಸ್ವಂತ ಪ್ರಾಜೆಕ್ಟ್ ಇಷ್ಟನ್ನು ಮನೆಯಲ್ಲಿ ಓದಿಕೊಂಡಿರಿ, ಖಾಲಿ ಕೈಯಲ್ಲಿ ಹೋದರೆ ದುಡ್ಡು ದಂಡ. ಶನಿವಾರ ಬೇಡ, ವರ್ಕಿಂಗ್‌ನವರು ತುಂಬಿರುತ್ತಾರೆ, ನಲವತ್ತೈದು ನಿಮಿಷ ಇಪ್ಪತ್ತಕ್ಕೆ ಇಳಿಯುತ್ತದೆ. ವಾರದ ದಿನ ಬೆಳಿಗ್ಗೆ ಹತ್ತರ ಸ್ಲಾಟ್ ಕೇಳಿ. ಮೂರನೇ ಮಹಡಿಯ ಕನ್ನಡ ಮಾತಾಡುವ ಸರ್ ಹತ್ತಿರವೇ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಮಾಕ್ ತಗೊಳ್ಳುವ ಇನ್ನೊಬ್ಬರು ಪ್ರಶ್ನೆಗಳ ಲಿಸ್ಟ್ ನೋಡಿಕೊಂಡು ಓದುತ್ತಾರೆ ಅಷ್ಟೇ.